ಸಭೆಗೆ ಬರುವವರು, ಸಭೆಗೆ ಸೇರಿದವರು

ದಾವಣಗೆರೆ ಜಿಲ್ಲೆಯ ಕೆರೆಬಿಳಚಿಯಂಥ ಊರಿನಲ್ಲಿ ಒಬ್ಬ ಮನುಷ್ಯ ಯಾರ ಪೈಕಿ ಎಂಬುದನ್ನು ಕೇಳಿ ತಿಳಿಯಬೇಕಾಗಿಲ್ಲ. ಮಸೀದಿಯ ಜಮಾತ್ ಇದೆ, ಊರಮ್ಮನ ಗುಡಿ ಇದೆ, ಮಠದ ಭಕ್ತರ ಬಳಗವಿದೆ, ಮದುವೆ-ಮುಂಜಿಗೂ ಸಾವು-ನೋವಿಗೂ ಕರೆಯದೆ ಬಂದು ನಿಲ್ಲುವ ಕುಲಬಾಂಧವರಿದ್ದಾರೆ. ಇವುಗಳಲ್ಲಿ ಯಾವ ಪಟ್ಟಿಗೂ ಸೇರದವರು ಈ ಸೀಮೆಯ ಕ್ರೈಸ್ತರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರು ಶೇ 1.87, ಸುಮಾರು 11.4 ಲಕ್ಷ ಜನ; ದಾವಣಗೆರೆ ಜಿಲ್ಲೆಯಲ್ಲಿ ಅವರ ಪಾಲು ಶೇ 1ನ್ನೂ ಮುಟ್ಟುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಕಡೆ ಕ್ರೈಸ್ತರೆಂದರೆ ವರ್ಗವಾಗಿ ಬಂದ ಶಿಕ್ಷಕಿ, ಆಸ್ಪತ್ರೆಯ ನರ್ಸ್, ಕೂಲಿ ಅರಸಿ ಬಂದ ಸಂಸಾರ, ಎರಡು-ಮೂರು ತಲೆಮಾರಿನ ಹಿಂದೆ ದೀಕ್ಷಾಸ್ನಾನ ಪಡೆದ ಕೆಲವು ಮನೆಗಳು. ಇವರ ಮಾತೃಭಾಷೆ ಒಂದಲ್ಲ, ಜಾತಿಮೂಲ ಒಂದಲ್ಲ, ಆಸ್ತಿಪಾಸ್ತಿಯಂತೂ ಒಂದಲ್ಲ. ಭಾನುವಾರ ಬೆಳಿಗ್ಗೆ ಒಂದೇ ಸೂರಿನಡಿ ಕೂರುತ್ತಾರೆ ಎಂಬುದೊಂದೇ ಇವರ ನಡುವಿನ ನಂಟು. ಆ ಒಂದು ನಂಟು ಮನುಷ್ಯನನ್ನು ಹಿಡಿದು ನಿಲ್ಲಿಸುವಷ್ಟು ಗಟ್ಟಿಯಾಗುವುದು ಹೇಗೆ ಎಂಬುದು ನನ್ನ ಪ್ರಶ್ನೆ. ಕ್ರೈಸ್ತರಷ್ಟೇ ಅಲ್ಲ, ಊರು ಬಿಟ್ಟು ಊರಿಗೆ ಬಂದು ಹೊಸಬರ ನಡುವೆ ಬಾಳು ಕಟ್ಟಿಕೊಳ್ಳಬೇಕಾದ ಎಲ್ಲ ಕನ್ನಡಿಗರೂ ಇವತ್ತು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಚರ್ಚಿನೊಳಗೆ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಸಿದ್ಧವಾಗಿರುತ್ತದೆ: ಒಂದೇ ವಿಶ್ವಾಸ ನಮ್ಮನ್ನು ಒಂದುಗೂಡಿಸಿದೆ. ಈ ಉತ್ತರ ಸುಳ್ಳಲ್ಲ, ಆದರೆ ಇಷ್ಟೇ ಸಾಲದು. ಒಂದೇ ವಿಶ್ವಾಸಪ್ರಮಾಣವನ್ನು ಒಂದೇ ದನಿಯಲ್ಲಿ ಹೇಳಿ, ಬಾಗಿಲ ಹೊರಗೆ ಬಂದೊಡನೆ ಒಬ್ಬರನ್ನೊಬ್ಬರು ಗುರುತಿಸದೆ ಬೈಕು ಹತ್ತಿ ಹೋಗುವ ಜನ ಬೇಕಾದಷ್ಟಿದ್ದಾರೆ. ಅವರು ಸಭೆಗೆ ಬರುವವರು, ಸಭೆಗೆ ಸೇರಿದವರಲ್ಲ. ಬರುವವರನ್ನು ಸೇರಿದವರನ್ನಾಗಿ ಮಾಡುವುದು ಹಂಚಿಕೊಂಡ ಕೆಲಸ, ಒಬ್ಬರ ಮೇಲೊಬ್ಬರಿಗಿರುವ ಋಣ ಎಂದು ನಾನು ವಾದಿಸುತ್ತೇನೆ. ನನ್ನಿಂದ ಈ ಸಭೆಗೆ ಏನೋ ಆಗಬೇಕಾಗಿದೆ, ನಾನು ಬರದಿದ್ದರೆ ಅದು ನಿಂತುಹೋಗುತ್ತದೆ ಎಂಬ ಅರಿವು ಯಾರಿಗಿದೆಯೋ ಅವರಿಗೆ ಮಾತ್ರ ಸಭೆ ತಮ್ಮದು ಅನ್ನಿಸುತ್ತದೆ. ಉಪದೇಶ ಎಷ್ಟೇ ಚೆನ್ನಾಗಿದ್ದರೂ ಕೇಳುವವರನ್ನು ಕೇಳುಗರನ್ನಾಗಿಯೇ ಉಳಿಸುತ್ತದೆ. ಪ್ರೀತಿಯ ಮಾತು ಎಷ್ಟೇ ಧಾರಾಳವಾಗಿದ್ದರೂ ಕೆಲಸಕ್ಕೆ ಇಳಿಯದಿದ್ದರೆ ಮುಂದಿನ ಭಾನುವಾರದವರೆಗೂ ಉಳಿಯುವುದಿಲ್ಲ.

ಕ್ರೈಸ್ತ ಸಭೆಯ ಮೊದಲ ಜಗಳ ಯಾವುದು ಎಂದು ನೋಡಿದರೆ ಈ ಮಾತಿಗೆ ಆಧಾರ ಸಿಗುತ್ತದೆ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಎದ್ದ ತಕರಾರು ದೇವರ ಸ್ವರೂಪದ ಬಗ್ಗೆ ಆಗಿರಲಿಲ್ಲ, ಊಟದ ಪಾಲಿನ ಬಗ್ಗೆ ಆಗಿತ್ತು. ದಿನದಿನದ ಆಹಾರ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದ್ದನ್ನು ಬೈಬಲಿನ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ ಮುಚ್ಚಿಡದೆ ಹೇಳುತ್ತದೆ. ಅಪೊಸ್ತಲರು ಅವರನ್ನು ಕೂರಿಸಿ ಐಕ್ಯದ ಬಗ್ಗೆ ಬೋಧಿಸಲಿಲ್ಲ. ಹಂಚಿಕೆಯ ಉಸ್ತುವಾರಿಗೆ ಏಳು ಜನರನ್ನು ಆರಿಸಿ ಎಂದರು. ಆಯ್ಕೆಯಾದ ಸ್ತೆಫನ, ಫಿಲಿಪ್ಪ ಮೊದಲಾದ ಏಳೂ ಜನರ ಹೆಸರು ಗ್ರೀಕ್ ಹೆಸರು ಎಂಬುದನ್ನು ಗಮನಿಸಬೇಕು. ದೂರು ತಂದ ಕಡೆಯವರ ಕೈಗೇ ಸೌಟು ಕೊಟ್ಟರು. ಎರಡು ಸಾವಿರ ವರ್ಷಗಳ ಹಿಂದಿನ ಈ ತೀರ್ಮಾನದಷ್ಟು ವಿವೇಕದ್ದು ಸಭಾಡಳಿತದ ಇತಿಹಾಸದಲ್ಲಿ ಮತ್ತೊಂದಿಲ್ಲ ಎಂದೇ ನನಗನ್ನಿಸುತ್ತದೆ. ಹೊರಗಿನವರು ಎಂದು ನೊಂದವರಿಗೆ ಸಮಾಧಾನ ಹೇಳುವ ಬದಲು ಅಧಿಕಾರವನ್ನೂ ಹೊಣೆಯನ್ನೂ ಅದು ಕೊಟ್ಟಿತು.

ಕೊರಿಂಥದ ಸಭೆಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಉಳ್ಳವರು ತಮ್ಮ ಬುತ್ತಿ ಬಿಚ್ಚಿ ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ನೀವು ಹೀಗೆ ಕೂಡಿ ಉಣ್ಣುವುದು ಕರ್ತನ ಭೋಜನವೇ ಅಲ್ಲ ಎಂದು ಅಪೊಸ್ತಲ ಪೌಲ ಆ ಸಭೆಗೆ ಖಂಡತುಂಡವಾಗಿ ಬರೆದ. ಪ್ರಾರ್ಥನೆ, ವಿಧಿ, ರೊಟ್ಟಿ, ದ್ರಾಕ್ಷಾರಸ ಎಲ್ಲ ಇದ್ದೂ ಸಹಭಾಗಿತ್ವ ಇಲ್ಲದೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಎಂಬ ಲೇಖಕ ಕ್ರೈಸ್ತರ ಭಾನುವಾರದ ಕೂಟವನ್ನು ವಿವರಿಸುವಾಗ ಎರಡು ಸಂಗತಿಗಳನ್ನು ಮರೆಯದೆ ಹೇಳುತ್ತಾನೆ: ಬರಲಾಗದವರ ಪಾಲನ್ನು ಸೇವಕರು ಅವರ ಮನೆಗೆ ಒಯ್ದು ಕೊಡುತ್ತಿದ್ದರು, ಕೂಡಿದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಸಲ್ಲುತ್ತಿತ್ತು. ನಾಲ್ಕನೆಯ ಶತಮಾನದ ಚಕ್ರವರ್ತಿ ಜೂಲಿಯನ್ ಕ್ರೈಸ್ತರ ಕಡುವಿರೋಧಿ. ಅವನೂ ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಜನ ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಎಂದು ಹೊಟ್ಟೆಯುರಿದುಕೊಂಡಿದ್ದ. ವಿರೋಧಿಯ ಕಣ್ಣಿಗೆ ಬಿದ್ದದ್ದು ಕ್ರೈಸ್ತರ ಸಿದ್ಧಾಂತವಲ್ಲ, ಅವರ ಊಟದ ಪಂಕ್ತಿ.

ನಮ್ಮ ನಾಡಿಗೆ ಬರೋಣ. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಮಿಷನ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1843ರ ‘ಮಂಗಳೂರ ಸಮಾಚಾರ’ ಮತ್ತು 1894ರ ಕಿಟೆಲ್ ನಿಘಂಟು. ಆ ಕಾಲದ ಸಭೆಗಳ ಒಳಬದುಕಿನ ಬಗ್ಗೆ ನಾವು ಮಾತಾಡುವುದು ಕಡಿಮೆ. ಅಂದು ದೀಕ್ಷಾಸ್ನಾನ ಪಡೆದವರು ಕಳೆದುಕೊಂಡದ್ದು ಸಣ್ಣದಲ್ಲ: ಮನೆ ಹೋಯಿತು, ಒಕ್ಕಲುತನ ಹೋಯಿತು, ಬಾವಿಯ ನೀರು ಹೋಯಿತು, ಹೆಣ್ಣು-ಗಂಡು ತರುವ ನಂಟಸ್ತನ ಹೋಯಿತು. ಅಂಥವರಿಗೆ ಭಾನುವಾರದ ಆರಾಧನೆಯಷ್ಟನ್ನೇ ಕೊಟ್ಟಿದ್ದರೆ ಆ ಸಭೆಗಳು ಹತ್ತು ವರ್ಷವೂ ಬಾಳುತ್ತಿರಲಿಲ್ಲ. ಅದಕ್ಕೇ 1851ರಲ್ಲಿ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರುಮಾಡಿದ. ಇವತ್ತಿಗೂ ಮಲೆನಾಡಿನ ಹಳೆಯ ಮನೆಗಳ ಮೇಲೆ ಕಾಣುವ ಮಂಗಳೂರು ಹೆಂಚಿನ ಹಿಂದೆ, ನೆಲೆ ತಪ್ಪಿದ ಜನರಿಗೆ ಒಟ್ಟಿಗೆ ದುಡಿದು ಒಟ್ಟಿಗೆ ಬಾಳುವ ನೆಲೆ ಮಾಡಿಕೊಡಬೇಕೆಂಬ ಒತ್ತಾಯವೂ ಇತ್ತು. ವಾರವಿಡೀ ಒಂದೇ ಮಗ್ಗದ ಮನೆಯಲ್ಲಿ, ಒಂದೇ ಹೆಂಚಿನ ಗೂಡಿನ ಬಳಿ ದುಡಿದವರು ಭಾನುವಾರ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು.

ಇದು ಮಿಷನರಿಗಳ ಸಾಕಾಣಿಕೆಯಲ್ಲವೆ, ಕೆಲಸ ಕೊಟ್ಟವರ ಹಂಗಿನಲ್ಲಿದ್ದವರಿಗೆ ತಮ್ಮದೆಂಬ ಭಾವನೆ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಆ ಹಂಗು ಇದ್ದದ್ದು ನಿಜ. ಧಣಿಯೂ ಬೋಧಕನೂ ಒಬ್ಬನೇ ಆದಾಗ ಆಗುವ ಕೇಡು ಅಲ್ಲಿ ಆಗಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಪರೀಕ್ಷೆಯ ಕಾಲ 1914ರಲ್ಲಿ ಬಂತು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು, ದೇಶದಿಂದ ಕಳಿಸಿದರು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಹಂಗಿನಿಂದಲೇ ನಿಂತ ಸಭೆಗಳಾಗಿದ್ದರೆ ಅಂದೇ ಬಾಗಿಲು ಹಾಕಬೇಕಿತ್ತು. ಹಾಗಾಗಲಿಲ್ಲ. ಕರಾವಳಿಯಲ್ಲೂ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲೂ ಸಭೆಗಳು ಉಳಿದುಕೊಂಡವು. ಅಷ್ಟು ಹೊತ್ತಿಗೆ ಸ್ಥಳೀಯ ಬೋಧಕರು, ಸಭಾ ಹಿರಿಯರು, ಹಾಡು ಹೇಳಿಕೊಡುವವರು, ಮನೆಮನೆಗೆ ಹೋಗುವ ಹೆಂಗಸರು ತಮ್ಮ ತಮ್ಮ ಪಾಲಿನ ಹೊಣೆ ಹೊತ್ತು ನಿಂತಿದ್ದರು. ಕೂಲಿ ಕೊಡುವವನು ಹೋದರೂ ಕೆಲಸ ಹಂಚಿಕೊಂಡವರು ಉಳಿದರು. ಮೈಸೂರು ಸಂಸ್ಥಾನದ ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನ ಸಭೆಗಳೂ ಇಂಥ ದಾರಿಯನ್ನೇ ಸವೆಸಿದವು. ಸ್ವಾತಂತ್ರ್ಯ ಬಂದ ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಸಭೆಗಳು ಮದರಾಸಿನಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು.

ಆ ಸಿಎಸ್‌ಐ ಸಭೆಗಳಲ್ಲಿ ನಡೆಯುವ ಸುಗ್ಗಿ ಹಬ್ಬವನ್ನು ಹತ್ತಿರದಿಂದ ನೋಡಬೇಕು. ಮನೆಮನೆಯವರು ತಮ್ಮ ಬೆಳೆಯ ಮೊದಲ ಪಾಲನ್ನು ತಂದು ವೇದಿಕೆಯ ಮುಂದೆ ಇಡುತ್ತಾರೆ. ಅಡಿಕೆ, ಭತ್ತದ ಸೀಮೆಯಲ್ಲಾದರೆ ಅಡಿಕೆ ಗೊನೆ, ಭತ್ತದ ತೆನೆ, ತೆಂಗಿನಕಾಯಿ. ಮಳೆಯಾಧಾರದ ಕಡೆಯಾದರೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಜಮೀನಿಲ್ಲದವರು ಮನೆಯಲ್ಲಿ ಮಾಡಿದ ರವೆ ಉಂಡೆ, ಕೋಡುಬಳೆ ತರುತ್ತಾರೆ. ಯಾರೋ ಕಾಲು ಕಟ್ಟಿದ ನಾಟಿಕೋಳಿ ತರುತ್ತಾರೆ, ಅದು ಆರಾಧನೆಯ ನಡುವೆ ಕೂಗುತ್ತದೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಸಂತೆಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಕುಂಬಳಕಾಯಿ ಇಲ್ಲಿ ನೂರುಗಟ್ಟಲೆಗೆ ಏರುತ್ತದೆ. ಕೊಂಡವರು ಅದನ್ನೇ ಮತ್ತೆ ಸಭೆಗೆ ಕೊಡುತ್ತಾರೆ, ಅದು ಇನ್ನೊಮ್ಮೆ ಹರಾಜಿಗೆ ಬರುತ್ತದೆ. ಹುಡುಗರು ಚೀಟಿ ಹಿಡಿದು ಹೆಸರು, ಮೊತ್ತ ಬರೆದುಕೊಂಡು ಓಡಾಡುತ್ತಾರೆ. ನಗು, ಚೌಕಾಶಿ, ಒಬ್ಬರನ್ನೊಬ್ಬರು ಕೆಣಕಿ ಬೆಲೆ ಏರಿಸುವುದು ಎಲ್ಲ ಇರುತ್ತದೆ. ಹೊರಗಿನವರಿಗೆ ಇದು ಹಣ ಕೂಡಿಸುವ ಉಪಾಯದಂತೆ ಕಾಣಬಹುದು. ಆದರೆ ಅಲ್ಲಿ ಕೋಳಿ ಕೊಟ್ಟ ಕೂಲಿಯವಳೂ ಸಾವಿರ ಕೊಟ್ಟು ಅದನ್ನು ಕೊಂಡ ಅಧಿಕಾರಿಯೂ ಒಂದೇ ಲೆಕ್ಕದ ಪುಸ್ತಕದಲ್ಲಿ ದಾನಿಗಳು. ಕೊಡಲು ಏನೂ ಇಲ್ಲದವಳು ಎಂದು ಅವಳನ್ನು ಯಾರೂ ಕರೆಯಲಾರರು. ವರ್ಷಕ್ಕೊಮ್ಮೆ ಆದರೂ ಇಡೀ ಸಭೆಯ ಎದುರು ಈ ಸಮಾನತೆ ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ ಹತ್ತು ಉಪದೇಶಗಳ ಬೆಲೆಯಿದೆ.

ಸಾವಿನ ಮನೆಯಲ್ಲಿ ಈ ಋಣ ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಬಂಧುಬಳಗ ಇಲ್ಲದ ಊರಿನಲ್ಲಿ ಒಬ್ಬರು ತೀರಿಕೊಂಡರೆ ಪೆಟ್ಟಿಗೆ ತರುವವರು, ಗುಂಡಿ ತೋಡಿಸುವವರು, ದೂರದ ಮಕ್ಕಳು ಬರುವವರೆಗೆ ಶವದ ಬಳಿ ಕೂತು ಹಾಡುವವರು, ಮನೆಯವರಿಗೆ ಗಂಜಿ ಕಾಸಿ ತರುವವರು ಸಭೆಯವರೇ. ಕಥೋಲಿಕರು ನವೆಂಬರ್ 2ರಂದು ಸಿಮಿತ್ರಿಗೆ (ಸ್ಮಶಾನಕ್ಕೆ) ಹೋಗಿ ಸಮಾಧಿಗಳ ಹುಲ್ಲು ಕಿತ್ತು, ಹೂವಿಟ್ಟು, ಮೇಣದಬತ್ತಿ ಹಚ್ಚುವಾಗ ವಾರಸುದಾರರಿಲ್ಲದ ಸಮಾಧಿಗೂ ಯಾರಾದರೂ ಒಂದು ಬತ್ತಿ ಹಚ್ಚುತ್ತಾರೆ. ಇಷ್ಟನ್ನೂ ಮಾಡಲು ಮೊದಲು ಜಾಗ ಬೇಕು. ಸಣ್ಣ ಸಂಖ್ಯೆಯ ಸಮುದಾಯಗಳಿಗೆ ಸ್ಮಶಾನದ ಜಾಗ ಸಿಗುವುದು ಸುಲಭವಲ್ಲ. ಗ್ರಾಮಗಳಿಗೆ ಸ್ಮಶಾನ ಭೂಮಿ ಒದಗಿಸುವಂತೆ ರಾಜ್ಯದ ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಸೂಚಿಸಿತ್ತು. ತಾಲ್ಲೂಕು ಆಡಳಿತಗಳು ಈ ವಿಷಯದಲ್ಲಿ ತಲೆ ಎಣಿಸಿ ನೋಡಬಾರದು. ನಾನು ಸತ್ತರೆ ನನ್ನನ್ನು ಎಲ್ಲಿ ಹೂಳುತ್ತಾರೆ ಎಂದು ತಿಳಿಯದವನಿಗೆ ಊರು ತನ್ನದು ಎಂದು ಹೇಗೆ ಅನ್ನಿಸೀತು?

ಭಾಷೆಯ ಪ್ರಶ್ನೆಯೂ ಇದೇ ನೆಲದ್ದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಮಾತಿನಲ್ಲಿ ಪೂಜೆ ಸಲ್ಲಿಸಲು ಅವಕಾಶ ಕೊಡುವವರೆಗೆ ಕಥೋಲಿಕರು ಕೇಳುತ್ತಿದ್ದದ್ದು ಲ್ಯಾಟಿನ್. ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತವನ ಜೊತೆಗಾರರ ದುಡಿಮೆಯಿಂದ ಪ್ರಾಟೆಸ್ಟೆಂಟರ ಕೈಗೆ 1830ರ ದಶಕದ ಆರಂಭದಲ್ಲೇ ಇಡೀ ಬೈಬಲ್ ಕನ್ನಡದಲ್ಲಿ ಬಂದಿತ್ತು. ಲ್ಯಾಟಿನ್ ಹೋದ ಮೇಲೆ ಬಂದ ಪ್ರಶ್ನೆ ಇನ್ನೂ ಕಠಿಣ: ಜನರ ಮಾತು ಎಂದರೆ ಯಾರ ಮಾತು? ಬೆಂಗಳೂರಿನಲ್ಲಿ ಕನ್ನಡ ಕ್ರೈಸ್ತರು ಕನ್ನಡದ ಪೂಜೆಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ನಮ್ಮ ಸೀಮೆಯಲ್ಲಿ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗಗಳನ್ನು ಸೇರಿಸಿ 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಆಯಿತು. ಕರಾವಳಿಯಿಂದ ಘಟ್ಟ ಹತ್ತಿದ ಕೊಂಕಣಿಗರು, ಭದ್ರಾವತಿಯ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಕಾಲಕ್ಕೆ ಬಂದ ತಮಿಳರು, ಕಾಡಂಚಿನಲ್ಲಿ ನೆಲೆಸಿದ ಕೇರಳದವರು, ಕನ್ನಡದ ಮನೆಗಳು ಎಲ್ಲರೂ ಇಲ್ಲಿದ್ದಾರೆ. ಕೇರಳ ಮೂಲದ ಸಿರೋ-ಮಲಬಾರ್ ಪದ್ಧತಿಯವರಿಗೆ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಬೇರೆಯೇ ಆಯಿತು. ತಾಯಿಮಾತಿನಲ್ಲಿ ಪ್ರಾರ್ಥಿಸುವ ಹಂಬಲ ತಪ್ಪಲ್ಲ. ಅಳು ಬರುವುದು ಆ ಮಾತಿನಲ್ಲೇ. ಆದರೆ ಮಾತಿಗೊಂದು ಗುಂಪಾಗಿ, ಗುಂಪಿಗೊಂದು ಪೂಜೆಯ ಹೊತ್ತಾಗಿ, ಒಬ್ಬರು ಹೊರಬರುವಾಗ ಇನ್ನೊಬ್ಬರು ಒಳಹೋಗುವಂತಾದರೆ ಕಟ್ಟಡ ಒಂದಾಗಿರುತ್ತದೆ, ಸಭೆ ಒಂದಾಗಿರುವುದಿಲ್ಲ. ಪೂಜೆ ಯಾವ ಮಾತಿನಲ್ಲಾದರೂ ಇರಲಿ, ಹಬ್ಬದ ಅಡುಗೆ, ಚಪ್ಪರ, ರೋಗಿಗಳ ಭೇಟಿ, ಲೆಕ್ಕಪತ್ರ ಇವುಗಳಲ್ಲಿ ಎಲ್ಲ ಮಾತಿನವರೂ ಕೂಡಿರಬೇಕು. ಆ ಕೂಡುಗೆಲಸದ ಮಾತು ಈ ನೆಲದ ಕನ್ನಡವೇ ಆಗಿರುವುದು ಸಹಜ. ಯೆರೂಸಲೇಮಿನ ಏಳು ಜನರ ಪಾಠ ಇಲ್ಲಿಗೂ ಸಲ್ಲುತ್ತದೆ.

ಭಾಷೆಗಿಂತ ನೋವಿನ ಸಂಗತಿ ಜಾತಿ. ದಲಿತ ಮೂಲದ ಕ್ರೈಸ್ತರನ್ನು 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೆಯಿತು, ಕ್ರೈಸ್ತರಿಗೂ ಮುಸ್ಲಿಮರಿಗೂ ತೆರೆದಿಲ್ಲ. ಮತಾಂತರವಾದ ಮೇಲೆ ಜಾತಿ ಇರುವುದಿಲ್ಲ ಎಂಬುದು ಕಾನೂನಿನ ಲೆಕ್ಕ. ವಾಸ್ತವ ಬೇರೆ. ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆ ಎದ್ದದ್ದನ್ನು ದೇಶವೇ ಬಲ್ಲದು. ಭಾರತದ ಕಥೋಲಿಕ ಬಿಷಪರ ಸಮ್ಮೇಳನ 2016ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಸಭೆಯೊಳಗೇ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ಆ ಒಪ್ಪಿಗೆಗೆ ನನ್ನ ಗೌರವವಿದೆ. ಆದರೆ ಬರೆದ ನೀತಿ ಹಳ್ಳಿಯ ಚರ್ಚಿಗೆ ಇಳಿದು ಬರಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು: ಹಬ್ಬದ ದಿನ ಅಡುಗೆ ಮಾಡುವವರು ಯಾರು, ಸಮಿತಿಯ ಹಣ ಯಾರ ಕೈಯಲ್ಲಿದೆ, ಒಂದೇ ಸಭೆಯ ಮನೆಗಳ ನಡುವೆ ಹೆಣ್ಣು-ಗಂಡು ತರುತ್ತಾರೆಯೇ? ಸಭೆಯ ಆವರಣ ಗುಡಿಸುವುದು ಯಾವಾಗಲೂ ಒಂದೇ ಮೂಲದವರ ಪಾಲು, ವೇದಪಾಠ ಓದುವುದು ಯಾವಾಗಲೂ ಇನ್ನೊಂದು ಮೂಲದವರ ಪಾಲು ಆಗಿದ್ದರೆ ಅಲ್ಲಿ ಕೆಲಸ ಹಂಚಿಕೆಯಾಗಿಲ್ಲ, ಹಳೆಯ ಊರಿನ ಕಟ್ಟುಪಾಡು ಶಿಲುಬೆಯ ಕೆಳಗೆ ಬಂದು ಕೂತಿದೆ ಅಷ್ಟೆ. ಹಂಚಿಕೊಂಡ ಕೆಲಸ ಎಂದು ನಾನು ಹೇಳುವಾಗ ಸರದಿ ಬದಲಾಗುವ ಕೆಲಸ ಎಂದೇ ನನ್ನ ಅರ್ಥ.

ಹೆಂಗಸರ ವಿಷಯಕ್ಕೂ ಈ ಮಾತು ಅನ್ವಯಿಸುತ್ತದೆ. ಸಭೆಯ ದುಡಿಮೆಯ ದೊಡ್ಡ ಪಾಲು ಅವರದು, ತೀರ್ಮಾನದ ಸಣ್ಣ ಪಾಲು ಅವರದು. ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಗೆ ಹೆಂಗಸರನ್ನೂ ಕೂರಿಸಬಹುದೆಂದು ರೋಮಿನಿಂದ ಆದೇಶ ಬರಲು 2016ರವರೆಗೆ ಕಾಯಬೇಕಾಯಿತು. ಸಿಎಸ್‌ಐ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡುವುದರಲ್ಲಿ ಮುಂದೆ ನಡೆದಿದೆ, ಇದು ಒಳ್ಳೆಯದು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ವಿಶ್ವಾಸಿಗಳದ್ದೇ. ಅನ್ಯೋನ್ಯತೆ ಪವಿತ್ರಾತ್ಮನ ವರ, ಅದನ್ನು ಕೆಲಸದ ಪಟ್ಟಿಗೆ ಇಳಿಸಿದರೆ ಚರ್ಚು ಒಂದು ಸಹಕಾರ ಸಂಘವಾಗುತ್ತದೆ ಎನ್ನುತ್ತಾರೆ. ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೆಲಸವೇ ಮುಖ್ಯವಾಗಿ ದೇವರ ಎದುರು ಸುಮ್ಮನೆ ಕೂರುವುದು ಮರೆತುಹೋದ ಸಭೆಗಳಿವೆ. ಅಲ್ಲಿ ಚುರುಕಾಗಿ ಓಡಾಡುವವರಿಗೆ ಬೆಲೆ, ಹಾಸಿಗೆ ಹಿಡಿದವರಿಗೆ ಬೆಲೆಯಿಲ್ಲ. ಆದರೆ ಜರ್ಮನಿಯ ದೈವಶಾಸ್ತ್ರಜ್ಞ ಬೋನ್‌ಹಾಫರ್, ನಾಜಿಗಳು ಮುಚ್ಚಿಸಿದ ಫಿಂಕೆನ್‌ವಾಲ್ಡೆಯ ಗುರುಮಠದ ಅನುಭವದ ಮೇಲೆ 1939ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೊಟ್ಟ ಎಚ್ಚರಿಕೆ ಇಲ್ಲಿ ನೆನಪಾಗಬೇಕು: ಸಮುದಾಯದ ಬಗ್ಗೆ ತನ್ನ ಕನಸನ್ನೇ ಹೆಚ್ಚು ಪ್ರೀತಿಸುವವನು ಕಣ್ಣೆದುರಿನ ಸಮುದಾಯವನ್ನು ಹಾಳುಮಾಡುತ್ತಾನೆ ಎಂಬುದು ಅವನ ಮಾತಿನ ಸಾರ. ಆತ್ಮನ ವರ ಇಳಿಯುವುದು ಮನುಷ್ಯರ ಕೈಕಾಲುಗಳ ಮೂಲಕವೇ. ಹಾಸಿಗೆ ಹಿಡಿದ ಅಜ್ಜಿಗೂ ಸಭೆಯಲ್ಲಿ ಹೊಣೆಯಿರಬಹುದು. ವಾರದ ಪ್ರಾರ್ಥನೆಯ ಹೆಸರುಗಳನ್ನು ಅವಳಿಗೆ ಒಪ್ಪಿಸಿ, ತಪ್ಪದೆ ಹೋಗಿ ವಿಚಾರಿಸುವ ಸಭೆ ಅವಳನ್ನು ಕಳೆದುಕೊಂಡಿಲ್ಲ.

ಎರಡನೆಯ ಆಕ್ಷೇಪ ಹೊರಗಿನವರದು: ಇಷ್ಟು ಗಟ್ಟಿಯಾಗಿ ಒಳಗೊಳಗೆ ಬೆಸೆದುಕೊಂಡವರು ಊರಿನಿಂದ ದೂರವಾಗುವುದಿಲ್ಲವೆ? ದೂರವಾಗಬಹುದು, ಆಗಿರುವ ಕಡೆಗಳೂ ಇವೆ. ಆದರೆ ನಮ್ಮದೇ ಜಿಲ್ಲೆಯ ಹರಿಹರವನ್ನು ನೋಡಿ. ಅಲ್ಲಿನ ಆರೋಗ್ಯ ಮಾತೆಯ ದೇವಾಲಯಕ್ಕೆ 2019ರಲ್ಲಿ ಪೋಪ್ ಫ್ರಾನ್ಸಿಸ್ ಬಸಿಲಿಕಾ ಪದವಿ ಕೊಟ್ಟರು. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ನೆರೆಯುವ ಜನರಲ್ಲಿ ಕ್ರೈಸ್ತರಲ್ಲದವರು ಧಾರಾಳವಾಗಿರುತ್ತಾರೆ. ಹರಕೆ ಹೊತ್ತ ಹಿಂದೂಗಳು, ಮುಸ್ಲಿಮರು ಮಾತೆಯ ಮುಂದೆ ಮೇಣದಬತ್ತಿ ಹಚ್ಚುತ್ತಾರೆ. ಅದೇ ದಿನ ಕರಾವಳಿಯ ಕೊಂಕಣಿ ಕಥೋಲಿಕರಿಗೆ ಮೊಂತಿ ಫೆಸ್ತ್, ಹೊಸ ತೆನೆಯನ್ನು ಮನೆಗೆ ತಂದು ಕುಟುಂಬವೆಲ್ಲ ಕೂಡಿ ಉಣ್ಣುವ ಹಬ್ಬ; ತೆನೆ ಮನೆ ತುಂಬಿಸಿಕೊಳ್ಳುವುದನ್ನು ಬಲ್ಲ ಯಾವ ಕನ್ನಡ ರೈತನಿಗೂ ಅದು ಪರಕೀಯವಲ್ಲ. ತನ್ನೊಳಗೆ ನೆಮ್ಮದಿಯಿರುವ ಸಮುದಾಯಕ್ಕೆ ನೆರೆಯವರನ್ನು ಕರೆಯಲು ಅಂಜಿಕೆಯಿರುವುದಿಲ್ಲ. ಬಾಗಿಲು ಹಾಕಿಕೊಳ್ಳುವುದು ಒಳಗೆ ಬಿರುಕುಬಿಟ್ಟವರು, ಇಲ್ಲವೆ ಹೊರಗಿನಿಂದ ಹೆದರಿಸಲ್ಪಟ್ಟವರು.

ಹೆದರಿಕೆಯ ಮಾತು ಬಂದದ್ದರಿಂದ ಮೂರನೆಯ ಆಕ್ಷೇಪಕ್ಕೂ ಉತ್ತರಿಸಬೇಕು. ಸಭೆಯ ನೆರವು ಎಂದರೆ ಮತಾಂತರದ ಆಮಿಷ ಎಂಬ ಗುಮಾನಿ ಈಗ ಊರೂರಲ್ಲಿದೆ. 2022ರಲ್ಲಿ ರಾಜ್ಯ ತಂದ ಕಾನೂನು ಆಮಿಷ ಎಂಬುದರ ವ್ಯಾಪ್ತಿಯನ್ನು ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣದವರೆಗೂ ಹಿಗ್ಗಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ನೆರವನ್ನು ಗಾಳವಾಗಿ ಬಳಸುವವರಿದ್ದರೆ ಅದು ಹಸಿದವನಿಗೂ ಅವಮಾನ, ಸುವಾರ್ತೆಗೂ ಅವಮಾನ. ಹಾಗೆಂದು ನೆರವನ್ನೇ ಅನುಮಾನಿಸಿದರೆ ಯಾವ ಧರ್ಮದವರೂ ಉಳಿಯುವುದಿಲ್ಲ. ಮಠದ ದಾಸೋಹ, ಜಮಾತಿನ ಝಕಾತ್, ಗುರುದ್ವಾರದ ಲಂಗರ್ ಎಲ್ಲವೂ ಅನ್ನದ ಮೂಲಕವೇ ಮನುಷ್ಯರನ್ನು ಬೆಸೆಯುತ್ತವೆ. ಸಭೆಗಳು ಈ ಗುಮಾನಿಗೆ ಹೆದರಿ ಬಡವರ ಮನೆಗೆ ಹೋಗುವುದನ್ನು ಬಿಡಬಾರದು. ಬದಲಿಗೆ ಯಾರಿಗೆ, ಯಾಕೆ, ಎಷ್ಟು ಕೊಟ್ಟೆವು ಎಂಬ ಲೆಕ್ಕ ಸರಿಯಾಗಿಡಬೇಕು, ಕೊಡುವಾಗ ಧರ್ಮ ಕೇಳಬಾರದು.

ಕೊನೆಯದು ಕಾಲದ ಆಕ್ಷೇಪ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಚರ್ಚುಗಳು ಯೂಟ್ಯೂಬಿಗೆ ಹೋದವು. ಬಾಗಿಲು ತೆರೆದ ಮೇಲೂ ಕೆಲವರು ಮೊಬೈಲಿನಲ್ಲೇ ಆರಾಧನೆ ಮುಗಿಸುತ್ತಾರೆ. ದೊಡ್ಡ ನಗರದ ಒಳ್ಳೆಯ ಪ್ರಸಂಗ, ಒಳ್ಳೆಯ ಸಂಗೀತ ಕೈಯಲ್ಲೇ ಸಿಗುವಾಗ ಊರಿನ ಸಣ್ಣ ಚರ್ಚು ಯಾಕೆ ಎಂದು ಕೇಳುತ್ತಾರೆ. ಕೇಳುವುದಷ್ಟೇ ಆರಾಧನೆಯಾಗಿದ್ದರೆ ಅವರ ಮಾತಿಗೆ ಉತ್ತರವಿಲ್ಲ. ಕಾಯಿಲೆಯವರಿಗೆ, ಮುದುಕರಿಗೆ, ರಾತ್ರಿ ಪಾಳಿಯವರಿಗೆ ಅದು ದೊಡ್ಡ ಆಸರೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಮೊಬೈಲಿನ ಸಭೆಗೆ ನೀವು ಬಾರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಾಡಿಗೆ ಕೋಣೆಗಳಲ್ಲಿ ಕೂಡುವ ಪೆಂತೆಕೋಸ್ತ್ ಪ್ರಾರ್ಥನಾ ಕೂಟಗಳು ಹಳೆಯ ಚರ್ಚುಗಳಿಂದ ಜನರನ್ನು ಸೆಳೆಯುತ್ತಿರುವುದಕ್ಕೆ ಚಪ್ಪಾಳೆ, ಡ್ರಮ್ಮು ಕಾರಣ ಎಂದು ಹಿರಿಯರು ದೂರುತ್ತಾರೆ. ನನಗೆ ಕಾಣುವ ಕಾರಣ ಬೇರೆ. ಅಲ್ಲಿ ಎರಡು ವಾರ ತಪ್ಪಿಸಿಕೊಂಡವರ ಮನೆಗೆ ಮೂರನೆಯ ವಾರ ಯಾರಾದರೂ ಬರುತ್ತಾರೆ, ಹೊಸಬನಿಗೆ ಒಂದೇ ತಿಂಗಳಲ್ಲಿ ಚಾಪೆ ಹಾಸುವ, ಹಾಡು ಹಿಡಿಯುವ ಕೆಲಸ ಸಿಗುತ್ತದೆ. ಮಂಗಳೂರು ಕಡೆಯ ಕಥೋಲಿಕ ಧರ್ಮಕೇಂದ್ರಗಳಲ್ಲಿ ವಾರ್ಡಿಗೊಬ್ಬ ಗುರ್ಕಾರ್ ಇದ್ದು ಪ್ರತಿ ಮನೆಯ ಸುಖದುಃಖ ತಿಳಿದಿರುವ ಹಳೆಯ ಪದ್ಧತಿಯ ಉದ್ದೇಶವೂ ಇದೇ. ದಾರಿ ಗೊತ್ತಿಲ್ಲದ್ದಲ್ಲ, ನಡೆಯುವುದು ನಿಂತಿದೆ.

ಆದ್ದರಿಂದ ಈ ಸೀಮೆಯ ಪಾದ್ರಿಗಳಲ್ಲಿ, ಸಭಾಪಾಲಕರಲ್ಲಿ, ಸಭಾ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟು. ವಾರ್ಷಿಕ ಮಹಾಸಭೆಯಲ್ಲಿ ನೀವು ಜಮಾ-ಖರ್ಚಿನ ಲೆಕ್ಕ ಓದುತ್ತೀರಿ. ಈ ವರ್ಷ ಅದರ ಜೊತೆಗೆ ಇನ್ನೊಂದು ಪಟ್ಟಿ ಮಾಡಿ. ಸಭೆಯ ಪ್ರತಿಯೊಂದು ಮನೆಯ ಹೆಸರು ಬರೆದು, ಎದುರಿಗೆ ಆ ಮನೆಯವರು ಕಳೆದ ವರ್ಷ ಹೊತ್ತ ಕೆಲಸ ಯಾವುದು, ಅವರ ಮನೆಗೆ ಸಭೆಯವರು ಎಷ್ಟು ಸಲ ಹೋದರು ಎಂದು ಬರೆಯಿರಿ. ಎದುರಿನ ಜಾಗ ಖಾಲಿಯಿರುವ ಮನೆಗಳು ಕೊಂಕಣಿಯವೋ, ತಮಿಳಿನವೋ, ದಲಿತರವೋ, ಬಾಡಿಗೆ ಮನೆಯ ಕೂಲಿಯವರವೋ ಎಂದು ನೀವೇ ನೋಡಿ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಮೊದಲು ಆ ಮನೆಗಳಿಗೆ ಹೋಗಿ, ಏನು ಬೇಕು ಎಂದು ಕೇಳಿ. ಹೊರಡುವ ಮುಂಚೆ ಸಭೆಗೆ ನಿಮ್ಮಿಂದ ಏನಾಗಬೇಕಾಗಿದೆ ಎಂಬುದನ್ನೂ ಅವರಿಗೆ ಹೇಳಿ ಬನ್ನಿ.